ಕೊಳೆರೋಗದ ಸ್ಲೈಡು ಹಿಂದಿನ ಸಾಲಿನವರಿಗೂ ಕಾಣಬೇಕು: ಕನ್ನಡದಲ್ಲಿ ಹೇಗೆ ಮಾಡುವುದು?

ಪೆರ್ಲ ಕೃಷಿಕ
ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮೊದಲು ನಮ್ಮ ಊರಿನ ವಾಚನಾಲಯದಲ್ಲಿ ಅಡಿಕೆ ಕೃಷಿಕರಿಗೆ ಕೊಳೆರೋಗ (ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಯುವ ರೋಗ) ಮತ್ತು ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ (ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್ ಮತ್ತು ಸುಣ್ಣ ಸೇರಿಸಿದ ಮದ್ದು) ಬಗ್ಗೆ ಅರ್ಧ ಗಂಟೆಯ ಮಾಹಿತಿ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಮಾತನಾಡುವವನು ನಾನು. ಬರುವವರಲ್ಲಿ ಹೆಚ್ಚಿನವರು ಐವತ್ತು ದಾಟಿದವರು. ಸಭಾಂಗಣದ ಎರಡೂ ಬದಿ ಕಿಟಕಿಗಳಿವೆ, ಕರ್ಟನ್ ಇಲ್ಲ. ಪರದೆಯ ಅಗಲ ಎರಡು ಮೀಟರ್, ಕೊನೆಯ ಕುರ್ಚಿ ಸುಮಾರು ಹತ್ತು ಮೀಟರ್ ದೂರ.

ಇದೇ ಸಭಾಂಗಣದಲ್ಲಿ ಹಿಂದೊಮ್ಮೆ ನಡೆದ ಕಾರ್ಯಕ್ರಮದಲ್ಲಿ ಭಾಷಣಕಾರರು ಒಂದೊಂದು ಸ್ಲೈಡಿಗೂ ಒಂದು ಇಡೀ ಕರಪತ್ರವನ್ನೇ ತುಂಬಿಸಿದ್ದರು. ನೀಲಿ ಹಿನ್ನೆಲೆ, ಕೆಂಪು ಅಕ್ಷರ. ಕೊಳೆ ಬಂದು ಅರ್ಧ ಫಸಲು ಕಳೆದುಕೊಂಡ ಹಿರಿಯರೊಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಕಣ್ಣು ಕಿರಿದು ಮಾಡಿ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ನೋಡುವುದನ್ನೇ ಬಿಟ್ಟರು. ಅವರಿಗೆ ಬೇಕಾದ ವಿಷಯ ಎದುರಿನ ಗೋಡೆಯ ಮೇಲೆಯೇ ಇತ್ತು, ಆದರೆ ಅವರಿಗೆ ಸಿಗಲಿಲ್ಲ. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ನನ್ನ ಬೋರ್ಡೋ ಸ್ಲೈಡಿನಲ್ಲಿ ಈಗ ‘ಬೋರ್ಡೋ ದ್ರಾವಣ ತಯಾರಿ’ ಎಂಬ ಶೀರ್ಷಿಕೆ, ಕೆಳಗೆ ಒಂಬತ್ತು ಅಂಶಗಳಿವೆ. ಅಕ್ಷರ 20 ಪಾಯಿಂಟ್. ಏನು ತೆಗೆಯಬೇಕು, ಏನು ಉಳಿಸಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು? ಇಂಗ್ಲಿಷಿನಲ್ಲಿ ಸಲಹೆಗಳು ಬೇಕಾದಷ್ಟು ಸಿಗುತ್ತವೆ, ಕನ್ನಡದ ಅಕ್ಷರಕ್ಕೆ ಅವು ಹೊಂದುತ್ತವೆಯೇ ಎಂಬುದು ನನ್ನ ಸಂಶಯ.

ಅಡೂರು ತೋಟ
ಅಕ್ಷರ ಕಡಿಮೆ ಮಾಡಿ, ಚಿತ್ರ ಹಾಕಿ. ಓದುವುದಕ್ಕೆ ಒಂದು ಹಾಳೆ ಕೊಡಿ, ಮನೆಗೆ ಹೋಗಿ ಓದುತ್ತೇವೆ.

ನೀರ್ಚಾಲು ಟೀಚರ್
20 ಪಾಯಿಂಟ್ ಖಂಡಿತ ಸಾಲದು. ಲೆಕ್ಕ ಹಾಕಿಯೇ ನೋಡೋಣ. ಅಗಲ ಮಾದರಿಯ, ಅಂದರೆ 16:9 ಸ್ಲೈಡಿನ ಎತ್ತರ ಏಳೂವರೆ ಇಂಚು, ಇಂಚಿಗೆ 72 ಪಾಯಿಂಟಿನಂತೆ 540 ಪಾಯಿಂಟ್. ನಿಮ್ಮ ಪರದೆಯ ಅಗಲ ಎರಡು ಮೀಟರ್ ಆದರೆ ಚಿತ್ರದ ಎತ್ತರ ಸುಮಾರು 112 ಸೆಂಟಿಮೀಟರ್. 20 ಪಾಯಿಂಟಿನ ಸಾಲಿಗೆ ಅದರಲ್ಲಿ ಸಿಗುವುದು ನಾಲ್ಕು ಸೆಂಟಿಮೀಟರ್ ಮಾತ್ರ. ಮೇಲಿನ ಗುಡಿಸು, ಕೆಳಗಿನ ಒತ್ತು ಎಲ್ಲ ಅದರೊಳಗೇ ಬರಬೇಕು. ಅವನ್ನು ಕಳೆದರೆ ಮೂಲ ಅಕ್ಷರಕ್ಕೆ ಉಳಿಯುವುದು ಎರಡು ಸೆಂಟಿಮೀಟರ್. 32 ಪಾಯಿಂಟ್ ಮಾಡಿದರೆ ಮೂರಕ್ಕಿಂತ ಸ್ವಲ್ಪ ಹೆಚ್ಚು.

ಸಭಾಂಗಣಕ್ಕೆ ಹೋಗದೆ ಮನೆಯಲ್ಲೇ ಪರೀಕ್ಷಿಸುವ ದಾರಿಯೂ ಇದೆ. ನಿಮ್ಮ ಕೊನೆಯ ಕುರ್ಚಿ ಪರದೆಯ ಅಗಲದ ಐದು ಪಟ್ಟು ದೂರದಲ್ಲಿದೆ. ಲ್ಯಾಪ್‌ಟಾಪಿನ ಪರದೆ 30 ಸೆಂಟಿಮೀಟರ್ ಅಗಲ ಇದ್ದರೆ ಸ್ಲೈಡನ್ನು ಪೂರ್ತಿ ಪರದೆಗೆ ಹಾಕಿ ಒಂದೂವರೆ ಮೀಟರ್ ಹಿಂದೆ ಹೋಗಿ ನಿಲ್ಲಿ. ಕೊನೆಯ ಸಾಲಿನವರಿಗೆ ಕಾಣುವುದು ಅಷ್ಟೇ. ನಿಮ್ಮ ಕಣ್ಣಿನಿಂದ ನೋಡಬೇಡಿ, ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ನಿಲ್ಲಿಸಿ ಓದಿಸಿ.

ಕುಂಬಳೆ ಕಣ್ಣಿನ ವಿಭಾಗ
ಟೀಚರ್ ಹೇಳಿದ ಲೆಕ್ಕಕ್ಕೆ ನಮ್ಮ ಕಡೆಯಿಂದ ಒಂದು ಮಾತು. ದೃಷ್ಟಿ 6/6, ಅಂದರೆ ಸರಿಯಾಗಿ ಇರುವವರು ಹತ್ತು ಮೀಟರ್ ದೂರದಿಂದ ಗುರುತಿಸಬಲ್ಲ ಅತಿ ಸಣ್ಣ ಅಕ್ಷರದ ಎತ್ತರ ಸುಮಾರು ಒಂದೂವರೆ ಸೆಂಟಿಮೀಟರ್. 6/12 ಇರುವವರಿಗೆ, ಅಂದರೆ ಸರಿಯಾದ ಕಣ್ಣಿಗೆ 12 ಮೀಟರಿನಿಂದ ಕಾಣುವುದು 6 ಮೀಟರಿನಿಂದ ಮಾತ್ರ ಕಾಣುವವರಿಗೆ, ಅದರ ಎರಡು ಪಟ್ಟು, ಅಂದರೆ ಮೂರು ಸೆಂಟಿಮೀಟರ್ ಬೇಕು. ಇದು ಕಷ್ಟಪಟ್ಟು ಗುರುತಿಸುವ ಅಳತೆ, ಸಲೀಸಾಗಿ ಓದುವ ಅಳತೆಯಲ್ಲ. ಅದೂ ಕಣ್ಣಿನ ಪರೀಕ್ಷೆಯ ಫಲಕದಲ್ಲಿರುವ ಸರಳ ಅಕ್ಷರಗಳಿಗೆ. ಕನ್ನಡದಲ್ಲಿ ಸುಳಿ ಹೆಚ್ಚು. ಐವತ್ತು ದಾಟಿದವರ ಸಭೆಯಲ್ಲಿ 6/12 ಎಂಬುದು ಅಪರೂಪವೇನಲ್ಲ. ಹಾಗಾಗಿ 32 ಅನ್ನು ಕನಿಷ್ಠ ಎಂದು ಇಟ್ಟುಕೊಳ್ಳಿ, 40ಕ್ಕೆ ಹೋದರೆ ಒಳ್ಳೆಯದು.

ಬಾಯಾರು ಹುಡುಗ
40 ಪಾಯಿಂಟ್ ಹಾಕಿದರೆ ಒಂಬತ್ತು ಅಂಶ ಹಿಡಿಯುವುದೇ ಇಲ್ಲವಲ್ಲ! ಇನ್ನೊಂದು ವಿಷಯ: ಹಿನ್ನೆಲೆ ಕಪ್ಪು, ಅಕ್ಷರ ಬಿಳಿ ಮಾಡಿ. ಈಗ ದೊಡ್ಡ ದೊಡ್ಡ ಕಂಪೆನಿಗಳ ಸಮಾರಂಭದಲ್ಲೆಲ್ಲ ಹಾಗೆಯೇ ಮಾಡುತ್ತಾರೆ. ನೋಡುವುದಕ್ಕೂ ಚೆಂದ.

ನೀರ್ಚಾಲು ಟೀಚರ್
ಹಿಡಿಯದಿರುವುದೇ ಒಳ್ಳೆಯದು ತಮ್ಮಾ. ಒಂಬತ್ತು ಅಂಶ ಒಟ್ಟಿಗೆ ಕಂಡರೆ ಜನ ಓದುತ್ತಾರೆ, ಓದುವಾಗ ಮಾತು ಕೇಳುವುದಿಲ್ಲ. ಮಲ್ಟಿಮೀಡಿಯಾ ಕಲಿಕೆಯ ಬಗ್ಗೆ ಮನಃಶಾಸ್ತ್ರಜ್ಞ ರಿಚರ್ಡ್ ಮೇಯರ್ ನಡೆಸಿದ ಪ್ರಯೋಗಗಳಲ್ಲೂ ಇದೇ ಕಂಡಿದೆ: ಚಿತ್ರಕ್ಕೆ ಮಾತಿನ ವಿವರಣೆ ಇದ್ದರೆ ಕಲಿಕೆ ಚೆನ್ನಾಗಿ ಆಗುತ್ತದೆ, ಅದೇ ಮಾತನ್ನು ಅಕ್ಷರದಲ್ಲೂ ಪೂರ್ತಿ ಹಾಕಿದರೆ ಸಾಮಾನ್ಯವಾಗಿ ಲಾಭಕ್ಕಿಂತ ಅಡ್ಡಿಯೇ ಹೆಚ್ಚು.

ಉಪ್ಪಳ ಮುದ್ರಣ
ಕಪ್ಪು ಹಿನ್ನೆಲೆ ಈ ಸಭಾಂಗಣಕ್ಕೆ ಬೇಡವೇ ಬೇಡ. ಪ್ರೊಜೆಕ್ಟರಿಗೆ ಬೆಳಕು ಚೆಲ್ಲುವುದು ಮಾತ್ರ ಗೊತ್ತು, ಕತ್ತಲೆ ಚೆಲ್ಲಲು ಬರುವುದಿಲ್ಲ. ಸ್ಲೈಡಿನಲ್ಲಿ ಕಪ್ಪು ಇರುವ ಕಡೆ ಪರದೆಯ ಮೇಲೆ ಏನೂ ಬೀಳುವುದಿಲ್ಲ, ಅಷ್ಟೇ. ಅಲ್ಲಿ ಕಾಣುವುದು ಕಿಟಕಿಯ ಬೆಳಕು ಬಿದ್ದ ಬರಿಯ ಪರದೆ. ಅದು ಕಪ್ಪಲ್ಲ, ಮಾಸಲು ಬೂದು. ನೀವು ಹೇಳುವ ಕಂಪೆನಿಗಳ ಸಭಾಂಗಣದಲ್ಲಿ ಕತ್ತಲೆ ಇರುತ್ತದೆ, ಎಷ್ಟೋ ಕಡೆ ಪ್ರೊಜೆಕ್ಟರೇ ಇರುವುದಿಲ್ಲ, ತಾನೇ ಬೆಳಗುವ ದೊಡ್ಡ ಎಲ್‌ಇಡಿ ಗೋಡೆ ಇರುತ್ತದೆ. ಹಗಲು, ಕಿಟಕಿ, ಪ್ರೊಜೆಕ್ಟರ್ ಮೂರೂ ಸೇರಿದ ಕಡೆ ತಿಳಿ ಹಿನ್ನೆಲೆ, ಕಪ್ಪು ಅಕ್ಷರವೇ ಸರಿ.

ಬಾಯಾರು ಹುಡುಗ
ಬಿಳಿ ಹಿನ್ನೆಲೆ ಕಣ್ಣಿಗೆ ಹೊಡೆಯುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ?

ಕುಂಬಳೆ ಕಣ್ಣಿನ ವಿಭಾಗ
ಕತ್ತಲೆ ಕೋಣೆಯಲ್ಲಿ ಹೊಡೆಯುತ್ತದೆ. ಪೊರೆ ಬರತೊಡಗಿದ ಕಣ್ಣಿಗೆ ಇನ್ನೂ ಹೆಚ್ಚು, ಬೆಳಕು ಚದುರಿ ಅಕ್ಷರದ ಅಂಚು ಮಸುಕಾಗುತ್ತದೆ. ಬೆಳಕಿರುವ ಸಭಾಂಗಣದಲ್ಲಿ ಅಷ್ಟು ತೊಂದರೆ ಇಲ್ಲ. ಬೇಕಾದರೆ ಅಚ್ಚ ಬಿಳಿಯ ಬದಲು ಸ್ವಲ್ಪ ಕೆನೆ ಬಣ್ಣ ಕೊಡಿ. ಮುಖ್ಯವಾದದ್ದು ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ. ಜಾಲತಾಣಗಳಿಗೆ ಒಪ್ಪಿತವಾದ ಮಾನದಂಡದಲ್ಲಿ ಸಾಮಾನ್ಯ ಅಕ್ಷರಕ್ಕೆ ಈ ಅಂತರ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಎಂದಿದೆ. ಹಗಲಿನ ಪ್ರೊಜೆಕ್ಟರಿನಲ್ಲಿ ಅಂತರ ಇನ್ನೂ ಕುಗ್ಗುವುದರಿಂದ ಅದಕ್ಕಿಂತ ಬಹಳ ಮೇಲೆಯೇ ಇರಲಿ. ನೀಲಿಯ ಮೇಲೆ ಕೆಂಪು ಬರೆದಾಗ ಈ ಅಂತರ ತೀರಾ ಕಡಿಮೆ. ಜೊತೆಗೆ ಆ ಎರಡು ಬಣ್ಣಗಳನ್ನು ಕಣ್ಣಿನ ಮಸೂರ ಒಂದೇ ಕಡೆ ಕೇಂದ್ರೀಕರಿಸಲಾರದು, ಅಕ್ಷರ ಅಲುಗಾಡಿದಂತೆ ತೋರುತ್ತದೆ. ಪೆರ್ಲದವರ ಪಕ್ಕ ಕುಳಿತಿದ್ದ ಹಿರಿಯರ ಕಣ್ಣಿನ ತಪ್ಪು ಅದರಲ್ಲಿ ಏನೂ ಇಲ್ಲ.

ಉಪ್ಪಳ ಮುದ್ರಣ
ಈಗ ಕನ್ನಡದ ಸಂಗತಿ. ದಿನವಿಡೀ ಅಕ್ಷರ ಜೋಡಿಸುವ ಕೆಲಸ ನನ್ನದು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಫಾಂಟ್. ಹಳೆಯ ನುಡಿ, ಬರಹ, ಶ್ರೀಲಿಪಿಯ ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪು ಮಾಡಿದ ಸ್ಲೈಡನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ನಮ್ಮ ಕಡೆಯ ಶಾಲೆಗಳ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಬದಲು ಉಬುಂಟು ಆಧಾರಿತ ವ್ಯವಸ್ಥೆ ಇರುವುದರಿಂದ ಅಲ್ಲಿ ಈ ಫಾಂಟುಗಳು ಸಿಗುವ ಭರವಸೆ ಇಲ್ಲ. ಯುನಿಕೋಡಿನಲ್ಲೇ ಬರೆಯಿರಿ. ಆಮೇಲೂ ಪವರ್‌ಪಾಯಿಂಟಿನಲ್ಲಿ ಉಳಿಸುವಾಗ ಫಾಂಟನ್ನು ಕಡತದೊಳಗೆ ಸೇರಿಸುವ ಆಯ್ಕೆ ಒತ್ತಿ. ಲಿಬ್ರೆ ಆಫೀಸಿನಲ್ಲಿ ಅದು ಕಡತದ ಪ್ರಾಪರ್ಟೀಸ್ ಒಳಗಿದೆ. ಜೊತೆಗೆ ಒಂದು ಪಿಡಿಎಫ್ ಪ್ರತಿ ಪೆನ್‌ಡ್ರೈವಿನಲ್ಲಿ ಇರಲೇಬೇಕು.

ಎರಡನೆಯದು, ಪಾಯಿಂಟ್ ಸಂಖ್ಯೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ಒಂದೇ 32 ಪಾಯಿಂಟಿನಲ್ಲಿ ತುಂಗಾ ಸಣ್ಣದಾಗಿ ಕಾಣುತ್ತದೆ, ನೋಟೋ ಸಾನ್ಸ್ ಕನ್ನಡ ದೊಡ್ಡದಾಗಿ ಕಾಣುತ್ತದೆ. ಟೀಚರ್ ಹೇಳಿದ ಒಂದೂವರೆ ಮೀಟರ್ ಪರೀಕ್ಷೆಯೇ ಕೊನೆಯ ತೀರ್ಪು.

ಮೂರನೆಯದು ಸಾಲುಗಳ ನಡುವಿನ ಜಾಗ. ಇಂಗ್ಲಿಷಿಗೆ ಹೊಂದಿಸಿದ ಅಂತರದಲ್ಲಿ ‘ರಾಷ್ಟ್ರೀಯ’ ಎಂದು ಬರೆದು ನೋಡಿ. ಷಕಾರದ ಕೆಳಗೆ ಎರಡು ಒತ್ತು ಇಳಿದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂತರವನ್ನು 1.3ರ ಸುಮಾರಿಗೆ ಏರಿಸಿ. ಅಡಿಗೆರೆ ಎಳೆಯಬೇಡಿ, ಅದು ನೇರವಾಗಿ ಒತ್ತುಗಳ ಮೇಲೆಯೇ ಹಾದು ಹೋಗುತ್ತದೆ. ಓರೆ ಅಕ್ಷರವೂ ಬೇಡ, ನಮ್ಮ ಲಿಪಿಗೆ ಆ ರೂಢಿ ಇಲ್ಲ, ತಂತ್ರಾಂಶ ಅಕ್ಷರವನ್ನು ಸುಮ್ಮನೆ ವಾಲಿಸುತ್ತದೆ.

ಕೊನೆಯದಾಗಿ ದಪ್ಪ ಅಕ್ಷರ. ಫಾಂಟಿಗೆ ಪ್ರತ್ಯೇಕವಾಗಿ ದಪ್ಪ ರೂಪ ಇಲ್ಲದಿದ್ದರೆ ತಂತ್ರಾಂಶ ಇರುವ ಗೆರೆಯನ್ನೇ ಉಬ್ಬಿಸುತ್ತದೆ. ಆಗ ದ, ಧ ನಡುವೆ, ಪ, ಫ ನಡುವೆ, ಬ, ಭ ನಡುವೆ ವ್ಯತ್ಯಾಸ ತೋರಿಸುವ ಆ ಸಣ್ಣ ಸೀಳು ಮುಚ್ಚಿಹೋಗುತ್ತದೆ. ನೋಟೋದಲ್ಲಿ ನಿಜವಾದ ದಪ್ಪ ರೂಪ ಇದೆ, ಅದನ್ನು ಬಳಸಿ. ಅಕ್ಷರಕ್ಕೆ ನೆರಳು ಕೊಡುವುದನ್ನಂತೂ ಮಾಡಲೇಬೇಡಿ.

ಪೆರ್ಲ ಕೃಷಿಕ
ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ಬಹಳ ಉಪಕಾರ. ಒಂದು ಸಾಲಿಗೆ ಆರು ಪದ, ಒಂದು ಸ್ಲೈಡಿಗೆ ಆರು ಸಾಲು ಎಂಬ ನಿಯಮದ ಬಗ್ಗೆ ಏನು ಹೇಳುತ್ತೀರಿ?

ಮುಳ್ಳೇರಿಯ ಮಾಸ್ಟ್ರು
ಆ ನಿಯಮವನ್ನು ಬದಿಗಿಡಿ. ‘ತೋಟದಲ್ಲಿರುವವರಿಗೆಲ್ಲ’ ಎಂಬುದು ನಮಗೆ ಒಂದು ಪದ. ಅಂಥ ಆರು ಪದಗಳನ್ನು 40 ಪಾಯಿಂಟಿನಲ್ಲಿ ಯಾವ ಸಾಲು ಹಿಡಿದೀತು? ಪದ ಎಣಿಸಬೇಡಿ, ಒಂದು ಸ್ಲೈಡಿಗೆ ಒಂದು ಮಾತು ಎಂದು ಇಟ್ಟುಕೊಳ್ಳಿ. ಗೈ ಕವಾಸಾಕಿ ಎಂಬವರು ಹೇಳಿದ ಹತ್ತು ಸ್ಲೈಡು, ಇಪ್ಪತ್ತು ನಿಮಿಷ, 30 ಪಾಯಿಂಟ್ ಎಂಬ ಸೂತ್ರವೂ ಪ್ರಸಿದ್ಧವೇ. ಅದು ಹೂಡಿಕೆದಾರರ ಎದುರು ಮಾತನಾಡುವವರಿಗೆ ಹೇಳಿದ್ದು, ಅಡಿಕೆ ಕೃಷಿಕರ ಸಭೆಗೆ ಅಲ್ಲ.

ಮಂಜೇಶ್ವರ ಇಂಜಿನಿಯರ್
ಮಾಸ್ಟ್ರ ಮಾತಿಗೆ ನನ್ನದೂ ಒಪ್ಪಿಗೆ. ಆ ಒಂದು ಮಾತು ಶೀರ್ಷಿಕೆಯಲ್ಲೇ ಬರಬೇಕು ಎಂಬುದನ್ನು ಸೇರಿಸುತ್ತೇನೆ. ‘ಬೋರ್ಡೋ ದ್ರಾವಣ ತಯಾರಿ’ ಎಂಬ ಶೀರ್ಷಿಕೆ ಏನನ್ನೂ ಹೇಳುವುದಿಲ್ಲ. ಕ್ರಿಯಾಪದ ಇರುವ ಪೂರ್ಣ ವಾಕ್ಯ ಬರೆಯಿರಿ.

ಇದು ಬರಿಯ ಅಂದಚೆಂದದ ಪ್ರಶ್ನೆ ಅಲ್ಲ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಒಡೆದು ಏಳು ಜನ ಸತ್ತರು, ಅವರಲ್ಲಿ ನಮ್ಮ ಕಲ್ಪನಾ ಚಾವ್ಲಾ ಕೂಡ ಇದ್ದರು. ಉಡಾವಣೆಯ ಹೊತ್ತಿಗೆ ಕಳಚಿದ ನೊರೆಪದರದ ತುಂಡು ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಕಕ್ಷೆಯಲ್ಲಿ ಇದ್ದಾಗಲೇ ಆ ಪೆಟ್ಟಿನ ಬಗ್ಗೆ ಇಂಜಿನಿಯರುಗಳು ಸ್ಲೈಡು ತಯಾರಿಸಿದ್ದರು. ಅದರ ಶೀರ್ಷಿಕೆ ಓದಿದವರಿಗೆ ಧೈರ್ಯ ಬರುವಂತಿತ್ತು. ತುಂಡಿನ ಗಾತ್ರ 1,920 ಘನ ಇಂಚು, ಕೈಯಲ್ಲಿದ್ದ ಪರೀಕ್ಷೆಯ ಮಾಹಿತಿ 3 ಘನ ಇಂಚಿನ ತುಂಡಿನದು ಎಂಬ ವಿಷಯ ಇದ್ದದ್ದು ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದ ಉಪಾಂಶದಲ್ಲಿ. ಮಾಹಿತಿ ವಿನ್ಯಾಸದ ತಜ್ಞ ಎಡ್ವರ್ಡ್ ಟಫ್ಟಿ ಇದನ್ನು ಬಿಡಿಸಿ ತೋರಿಸಿದರು, ತನಿಖಾ ಮಂಡಳಿಯ ವರದಿಯಲ್ಲೂ ಇದು ಬಂದಿದೆ. ದುರಂತಕ್ಕೆ ಸ್ಲೈಡೇ ಕಾರಣ ಎಂದು ನಾನು ಹೇಳುವುದಿಲ್ಲ. ತಿಳಿಯಬೇಕಾದ ಮಾತು ಕೊನೆಯ ಸಾಲಿಗೆ ಹೋದರೆ ತಿಳಿಯಬೇಕಾದವರು ಅದನ್ನು ದಾಟಿಹೋಗುತ್ತಾರೆ, ಅಷ್ಟು ನಿಜ.

ಅಡೂರು ತೋಟ
ಹಾಗಾದರೆ ಯಾವುದಕ್ಕೆ ಏನು ಸುರಿಯಬೇಕು ಎಂಬುದೇ ಶೀರ್ಷಿಕೆ ಆಗಲಿ. ತಪ್ಪುವುದು ಅಲ್ಲಿಯೇ.

ಗಡಿನಾಡ ಕನ್ನಡಿಗ
ಒಂದು ಪ್ರಶ್ನೆ. ಪೆರ್ಲದ ಕಡೆ ಮಲಯಾಳ ಮಾತ್ರ ಓದಬಲ್ಲ ಕೃಷಿಕರೂ ಇದ್ದಾರಲ್ಲ, ಅವರಿಗೆ ಏನು ಮಾಡುತ್ತೀರಿ? ಎರಡೂ ಭಾಷೆಯಲ್ಲಿ ಹಾಕುವ ಯೋಚನೆ ಇದ್ದರೆ ನನ್ನ ವಿರೋಧ ಇದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಕಚೇರಿಯ ಫಲಕ, ಅರ್ಜಿ, ಸೂಚನೆ ಎಲ್ಲದರಲ್ಲೂ ಕನ್ನಡಕ್ಕಾಗಿ ಕೇಳುತ್ತಲೇ ಬಂದಿದ್ದೇವೆ. ನಮ್ಮದೇ ವಾಚನಾಲಯದ ಪರದೆಯ ಮೇಲಾದರೂ ಕನ್ನಡ ಪೂರ್ಣವಾಗಿ ಇರಲಿ.

ಅಡೂರು ತೋಟ
ಕೊಳೆರೋಗ ಭಾಷೆ ನೋಡಿ ಬರುವುದಿಲ್ಲ ಅಣ್ಣ. ಪಕ್ಕದ ತೋಟದವರು ಮದ್ದು ಬಿಡದಿದ್ದರೆ ನಮಗೂ ಕಷ್ಟ. ಅವರಿಗೆ ಅರ್ಥವಾಗಲೇಬೇಕು.

ಗಡಿನಾಡ ಕನ್ನಡಿಗ
ಅರ್ಥವಾಗಬಾರದು ಎಂದು ನಾನು ಎಲ್ಲಿ ಹೇಳಿದೆ? ಕನ್ನಡವನ್ನು ಅರ್ಧ ಜಾಗಕ್ಕೆ ಒತ್ತಬೇಡಿ ಎಂದೆ.

ನೀರ್ಚಾಲು ಟೀಚರ್
ಇಬ್ಬರ ಮಾತೂ ಸರಿಯೇ, ಭಾವನೆಯನ್ನು ಬದಿಗಿಟ್ಟು ಅಳತೆಯನ್ನೇ ನೋಡಿದರೂ ಇದೇ ಬರುತ್ತದೆ. ಒಂದೇ ಸ್ಲೈಡಿನಲ್ಲಿ ಎರಡು ಲಿಪಿ ಹಾಕಿದರೆ ಎರಡೂ 20 ಪಾಯಿಂಟಿಗೆ ಇಳಿಯುತ್ತವೆ, ಕೊನೆಯ ಸಾಲಿನಲ್ಲಿ ಕುಳಿತ ಕನ್ನಡದವರಿಗೂ ಕಾಣುವುದಿಲ್ಲ, ಮಲಯಾಳದವರಿಗೂ ಕಾಣುವುದಿಲ್ಲ. ಪರದೆಯ ಮೇಲೆ ದೊಡ್ಡ ಚಿತ್ರ, ಅಂಕೆ, ಕನ್ನಡದಲ್ಲಿ ಒಂದು ವಾಕ್ಯ ಇರಲಿ. ಅಂಕೆ ಎಲ್ಲರಿಗೂ ಓದಲು ಬರುತ್ತದೆ. ಕೈಗೆ ಕೊಡುವ ಹಾಳೆಯ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಮಾತನ್ನು ಹೇಗೂ ತುಳು, ಕನ್ನಡ, ಮಲಯಾಳ ಮೂರರಲ್ಲೂ ಆಡುತ್ತೀರಲ್ಲ.

ಗಡಿನಾಡ ಕನ್ನಡಿಗ
ಇದಕ್ಕೆ ನನ್ನ ಒಪ್ಪಿಗೆ ಇದೆ. ಹಾಳೆಯ ಕನ್ನಡ ಬದಿಯ ಕರಡು ತಿದ್ದುವುದಿದ್ದರೆ ನನಗೆ ಕಳಿಸಿ.

ಮುಳ್ಳೇರಿಯ ಮಾಸ್ಟ್ರು
ನಾನು ಓವರ್‌ಹೆಡ್ ಪ್ರೊಜೆಕ್ಟರಿನ ಕಾಲದಿಂದ ಪಾಠ ಮಾಡಿದವನು. ಆಗ ಪಾರದರ್ಶಕ ಹಾಳೆಯ ಮೇಲೆ ದಪ್ಪ ಪೆನ್ನಿನಲ್ಲಿ ಕೈಯಾರೆ ಬರೆಯಬೇಕಿತ್ತು, ಆದ್ದರಿಂದ ಯಾರೂ ಹೆಚ್ಚು ಬರೆಯುತ್ತಿರಲಿಲ್ಲ. 1987ರಲ್ಲಿ ಪವರ್‌ಪಾಯಿಂಟ್ ಮೊದಲು ಮ್ಯಾಕಿಂಟಾಷ್ ಗಣಕಕ್ಕೆ ಬಂದಾಗ ಅದರ ಕೆಲಸ ಇಂಥ ಹಾಳೆಗಳನ್ನು ತಯಾರಿಸುವುದೇ ಆಗಿತ್ತು.

ಪೆರ್ಲದವರ ಆ ಒಂಬತ್ತು ಅಂಶಗಳ ಸ್ಲೈಡನ್ನು ನಾನಾಗಿದ್ದರೆ ಹೀಗೆ ಒಡೆಯುತ್ತಿದ್ದೆ.

ಮೊದಲ ಸ್ಲೈಡಿನ ಶೀರ್ಷಿಕೆ: ‘ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ’. ಕೆಳಗೆ ಎರಡು ಪ್ಲಾಸ್ಟಿಕ್ ಪಾತ್ರೆಗಳ ಚಿತ್ರ. ಎಡಗಡೆಯದು ನೀಲಿ ದ್ರಾವಣ, ಬಲಗಡೆಯದು ಬಿಳಿ. ಎಡದಿಂದ ಬಲಕ್ಕೆ ಒಂದು ದಪ್ಪ ಬಾಣ. ಪ್ರತಿ ಪಾತ್ರೆಯ ಕೆಳಗೆ ‘1 ಕಿಲೋ, 50 ಲೀಟರ್’ ಎಂದು ಬಹಳ ದೊಡ್ಡ ಅಂಕೆ. ಬೇರೆ ಏನೂ ಬೇಡ. ಕಲಕುತ್ತಾ ಸುರಿಯಬೇಕು ಎಂಬುದನ್ನು ಬಾಯಲ್ಲಿ ಹೇಳಿ.

ಎರಡನೆಯದು: ‘ಚೂರಿ ಕೆಂಪಾದರೆ ಸುಣ್ಣ ಸಾಲದು’. ದ್ರಾವಣದಲ್ಲಿ ಅದ್ದಿ ತೆಗೆದ ಕಬ್ಬಿಣದ ಚೂರಿಯ ಚಿತ್ರ ಪರದೆ ತುಂಬ ಇರಲಿ. ಮೂರನೆಯದು: ‘ಕಬ್ಬಿಣದ ಪಾತ್ರೆ ಬೇಡ’. ನಾಲ್ಕನೆಯದು: ‘ಕಲಸಿದ ದಿನವೇ ಮದ್ದು ಬಿಡಿ’. ಇದಕ್ಕೆ ಚಿತ್ರ ಇಲ್ಲದಿದ್ದರೂ ನಡೆಯುತ್ತದೆ, ವಾಕ್ಯವನ್ನೇ 60 ಪಾಯಿಂಟಿನಲ್ಲಿ ಹಾಕಿ.

ನಾಲ್ಕೂ ಸ್ಲೈಡುಗಳಲ್ಲಿ ಶೀರ್ಷಿಕೆ ಒಂದೇ ಎತ್ತರದಲ್ಲಿ, ಎಡ ಅಂಚಿಗೆ ಸರಿಯಾಗಿ ಇರಬೇಕು. ಸ್ಲೈಡು ಬದಲಾದಾಗ ಕಣ್ಣು ಹೊಸ ವಿಷಯವನ್ನು ಹುಡುಕಬೇಕೇ ಹೊರತು ಶೀರ್ಷಿಕೆ ಎಲ್ಲಿದೆ ಎಂದು ಹುಡುಕಬಾರದು. ಎರಡೂ ಅಂಚಿಗೆ ಸಾಲು ಹಿಗ್ಗಿಸುವುದು ಬೇಡ, ನಮ್ಮ ಉದ್ದ ಪದಗಳ ನಡುವೆ ದೊಡ್ಡ ದೊಡ್ಡ ಕಂಡಿ ಬೀಳುತ್ತದೆ.

ಬಾಯಾರು ಹುಡುಗ
ಮಾಸ್ಟ್ರೇ, ಇದು ಬಹಳ ಚೆನ್ನಾಗಿದೆ. ಬಾಣ ಹಾರಿ ಬರುವ ಹಾಗೆ, ಪಾತ್ರೆ ತಿರುಗುವ ಹಾಗೆ ಅನಿಮೇಷನ್ ಹಾಕಬಹುದಲ್ಲ?

ಮುಳ್ಳೇರಿಯ ಮಾಸ್ಟ್ರು
ತಿರುಗಿಸುವುದು ಬೇಡ. ಆದರೆ ಒಂದೊಂದಾಗಿ ತೋರಿಸುವುದು ಬೇಕು. ಯಕ್ಷಗಾನದ ಆಟದಲ್ಲಿ ಎಲ್ಲ ವೇಷಗಳೂ ಒಟ್ಟಿಗೆ ರಂಗಕ್ಕೆ ಬರುವುದಿಲ್ಲ, ಭಾಗವತರು ಪದ ಎತ್ತಿದಾಗ ಆ ವೇಷ ಬರುತ್ತದೆ. ಹಾಗೆಯೇ ಮೊದಲು ಎಡದ ಪಾತ್ರೆ, ಅದರ ಬಗ್ಗೆ ಮಾತು. ಆಮೇಲೆ ಬಲದ್ದು. ಕೊನೆಗೆ ಬಾಣ. ಸುಮ್ಮನೆ ಕಾಣಿಸಿಕೊಂಡರೆ ಸಾಕು.

ಅಡೂರು ತೋಟ
ಒಂದು ತಕರಾರು. ನಾವು ಎರಡೂ ದ್ರಾವಣವನ್ನು ಒಟ್ಟಿಗೆ ಮೂರನೆಯ ಡ್ರಮ್ಮಿಗೆ ಸುರಿಯುತ್ತೇವೆ. ಅದೂ ಸರಿಯಾದ ಕ್ರಮವೇ.

ಮುಳ್ಳೇರಿಯ ಮಾಸ್ಟ್ರು
ಸರಿಯೇ. ಆಗಬಾರದ್ದು ಸುಣ್ಣದ ನೀರನ್ನು ಮೈಲುತುತ್ತಿಗೆ ಸುರಿಯುವುದು. ಆದರೆ ಎರಡು ಕ್ರಮವನ್ನೂ ಒಂದೇ ಸ್ಲೈಡಿನಲ್ಲಿ ತೋರಿಸಿದರೆ ಹೊಸಬರಿಗೆ ಗೊಂದಲ. ಡ್ರಮ್ಮಿನ ಕ್ರಮವನ್ನು ಹಾಳೆಯಲ್ಲಿ ಕೊಡಲಿ.

ಕುಂಬಳೆ ಕಣ್ಣಿನ ವಿಭಾಗ
ರೋಗದ ಫೋಟೋಗಳ ಬಗ್ಗೆ ಯಾರೂ ಹೇಳಲಿಲ್ಲ. ಕೊಳೆಯ ಮೊದಲ ಲಕ್ಷಣ ತೊಟ್ಟಿನ ಬಳಿ ನೀರು ತೋಯ್ದಂತೆ ಕಾಣುವ ಕಡುಹಸಿರು ಕಲೆ ಅಲ್ಲವೇ? ಹಸಿರು ಕಾಯಿಯ ಮೇಲೆ ಕಡುಹಸಿರು ಕಲೆ, ಪ್ರೊಜೆಕ್ಟರಿನಲ್ಲಿ ಕಾಣುವುದು ಕಷ್ಟ. ಅದನ್ನು ಬರಿಯ ಬಣ್ಣದಿಂದ ಗುರುತಿಸಿ ಎನ್ನಬೇಡಿ. ಕಲೆಯ ಸುತ್ತ ದಪ್ಪ ಬಿಳಿ ವೃತ್ತ ಹಾಕಿ. ಕೆಂಪು, ಹಸಿರು ಬಣ್ಣಗಳ ನಡುವಿನ ವ್ಯತ್ಯಾಸ ಕಾಣದವರು ಗಂಡಸರಲ್ಲೇ ಹೆಚ್ಚು, ಎಷ್ಟೋ ಜನರಿಗೆ ತಮಗೆ ಹಾಗಿದೆ ಎಂಬುದೇ ತಿಳಿದಿರುವುದಿಲ್ಲ. ಹಾಗಾಗಿ ವೃತ್ತಕ್ಕೆ ಕೆಂಪು ಬೇಡ.

ಉಪ್ಪಳ ಮುದ್ರಣ
ಫೋಟೋ ಒಂದು ಸ್ಲೈಡಿಗೆ ಒಂದೇ. ಇಡೀ ಮರದ ಫೋಟೋ ಬೇಡ, ಗೊನೆಯ ಹತ್ತಿರದ ಫೋಟೋ ತೆಗೆದು ಬೇಡದ ಭಾಗ ಕತ್ತರಿಸಿ. ಗಾತ್ರ ಬದಲಿಸುವಾಗ ಮೂಲೆ ಹಿಡಿದು ಎಳೆಯಿರಿ, ಬದಿ ಹಿಡಿದು ಎಳೆದರೆ ಉರುಟು ಅಡಿಕೆ ಉದ್ದವಾಗುತ್ತದೆ, ಬೇರೆ ತಳಿ ಎಂದು ಜನ ತಿಳಿದಾರು.

ಮಂಜೇಶ್ವರ ಇಂಜಿನಿಯರ್
ಮದ್ದು ಬಿಡುವ ಸಮಯವನ್ನು ಕೋಷ್ಟಕದಲ್ಲಿ ಹಾಕಬೇಡಿ. ಮೇ ತಿಂಗಳಿಂದ ಆಗಸ್ಟಿನವರೆಗೆ ಒಂದು ಅಡ್ಡಗೆರೆ ಎಳೆಯಿರಿ. ಮಳೆ ಹಿಡಿಯುವ ಮೊದಲು ಒಂದು ಗುರುತು, ಅಲ್ಲಿಂದ 40–45 ದಿನ ಬಿಟ್ಟು ಇನ್ನೊಂದು ಗುರುತು. ಎರಡು ಗುರುತುಗಳ ನಡುವೆಯೇ ‘40–45 ದಿನ’ ಎಂದು ಬರೆಯಿರಿ. ಯಾವ ಬಣ್ಣಕ್ಕೆ ಯಾವ ಅರ್ಥ ಎಂಬ ಸೂಚಿಯನ್ನು ಮೂಲೆಯಲ್ಲಿ ಇಟ್ಟರೆ ಕಣ್ಣು ಅತ್ತಿತ್ತ ಓಡಾಡಬೇಕಾಗುತ್ತದೆ.

ಅಡೂರು ತೋಟ
ಸಮಯ ಗೊತ್ತಿದ್ದರೂ ಮರ ಹತ್ತುವವರು ಸಿಗಬೇಕಲ್ಲ. ಫೈಬರ್ ದೋಟಿಯಿಂದ, ಅಂದರೆ ಉದ್ದ ಕೋಲಿನಿಂದ, ಕೆಳಗೆ ನಿಂತೇ ಮದ್ದು ಬಿಡುವುದನ್ನೂ ಅದೇ ದಿನ ತೋರಿಸಿದರೆ ನಮ್ಮ ಕಡೆಯಿಂದ ಒಂದು ಜೀಪು ಜನ ಬರುತ್ತೇವೆ.

ನೀರ್ಚಾಲು ಟೀಚರ್
ದೋಟಿಯನ್ನು ಸ್ಲೈಡಿನಲ್ಲಿ ತೋರಿಸುವುದಕ್ಕಿಂತ ಅಂಗಳದಲ್ಲಿ ಹಿಡಿದು ತೋರಿಸಿದರೆ ಒಳ್ಳೆಯದು. ಎದುರಿಗೆ ತೋರಿಸಬಹುದಾದ್ದಕ್ಕೆ ಸ್ಲೈಡು ಯಾಕೆ? ಚೂರಿ ಪರೀಕ್ಷೆಯೂ ಹಾಗೆಯೇ, ಒಂದು ಸಣ್ಣ ಬಕೆಟಿನಲ್ಲಿ ಮಾಡಿಬಿಡಿ.

ಪೆರ್ಲ ಕೃಷಿಕ
ದೋಟಿ ಇರುವ ಸ್ನೇಹಿತರೊಬ್ಬರನ್ನು ಕೇಳಿದೆ, ಬರುತ್ತೇನೆ ಎಂದಿದ್ದಾರೆ. ಬಕೆಟಿನ ಪರೀಕ್ಷೆಯನ್ನು ಅಂಗಳದಲ್ಲಿ ಮಾಡುತ್ತೇನೆ, ಆದರೆ ಹಿಂದೆ ನಿಂತವರಿಗೆ ಚೂರಿಯ ಬಣ್ಣ ಕಾಣಲಿಕ್ಕಿಲ್ಲ, ಹಾಗಾಗಿ ಸ್ಲೈಡೂ ಇರಲಿ.

ಮಾಸ್ಟ್ರು ಹೇಳಿದಂತೆ ಒಡೆದು, ನೋಟೋ ಫಾಂಟಿನಲ್ಲಿ 44 ಪಾಯಿಂಟ್ ಹಾಕಿ, ಲ್ಯಾಪ್‌ಟಾಪಿನಿಂದ ಒಂದೂವರೆ ಮೀಟರ್ ದೂರದಲ್ಲಿ ಅಮ್ಮನನ್ನು ಕೂರಿಸಿ ಓದಿಸಿದೆ. ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದರು. ‘ಮೈಲುತುತ್ತಿನ’ ಎಂಬಲ್ಲಿ ಮಾತ್ರ ಸ್ವಲ್ಪ ತಡೆದರು, ತಕಾರದ ಒತ್ತು ಕೆಳಗಿನ ಪಾತ್ರೆಯ ಚಿತ್ರಕ್ಕೆ ತಾಗಿತ್ತು. ಚಿತ್ರವನ್ನು ಕೆಳಗೆ ಸರಿಸಿದ್ದೇನೆ. ಈಗ ಚೂರಿಯ ಒಳ್ಳೆಯ ಫೋಟೋ ಒಂದು ಬೇಕು.

ಅಡೂರು ತೋಟ
ನಾಳೆ ಮನೆಯಲ್ಲಿ ಸ್ವಲ್ಪ ಕಲಸಿ ತೆಗೆದು ಕಳಿಸುತ್ತೇನೆ. ಕೆಂಪಾದ ಚೂರಿ ಮಾತ್ರ ಸಾಕೇ, ಸರಿಯಾದ ದ್ರಾವಣದಲ್ಲಿ ಅದ್ದಿದ್ದೂ ಬೇಕೇ?

ಉಪ್ಪಳ ಮುದ್ರಣ
ಎರಡೂ ಬೇಕು. ಒಂದು ಸ್ಲೈಡಿಗೆ ಒಂದೇ ಫೋಟೋ ಎಂದಿದ್ದೆ, ಆದರೆ ಹೋಲಿಸಿ ನೋಡಬೇಕಾದ ಇವನ್ನು ಅಕ್ಕಪಕ್ಕ ಇಡಬಹುದು. ಹಿಂದೆ ಬಿಳಿ ಬಟ್ಟೆ ಹಾಸಿ, ಫ್ಲ್ಯಾಶ್ ಇಲ್ಲದೆ, ಒಂದೇ ಜಾಗದಲ್ಲಿ ಒಂದೇ ಬೆಳಕಿನಲ್ಲಿ ತೆಗೆಯಿರಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.